ಗೆಳೆಯನ ಕೈಗೆ ಕೊಟ್ಟ ಕೆಲಸ ಕೆಟ್ಟಾಗ

ನಮ್ಮ ಮನೆಗಳ ಹುಡುಗರು ಕಟ್ಟಡ ಕೆಲಸಕ್ಕೆಂದು ಘಟ್ಟ ಹತ್ತುವುದು ಈಗ ಹೊಸ ಸುದ್ದಿಯಲ್ಲ. ಬ್ಯಾಡಗಿ ಮೆಣಸಿನ ಹೆಸರಲ್ಲಿ ಮಾತ್ರ ಹಾವೇರಿ ಸೀಮೆಯನ್ನು ತಿಳಿದಿದ್ದ ಕರಾವಳಿಯ ನಾವು ಇಂದು ರಾಣೇಬೆನ್ನೂರು, ಹರಿಹರ, ಕುಮಾರಪಟ್ಟಣದ ಕಡೆ ಟೇಪು, ಮಟ್ಟಗೋಲು ಹಿಡಿದು ಓಡಾಡುತ್ತಿದ್ದೇವೆ. ದುಡಿದು ತಿನ್ನುವ ಕೆಲಸ, ಸಂತೋಷವೇ. ಆದರೆ ಇದರ ಜೊತೆಗೆ ಒಂದು ಬಗೆಯ ತಕರಾರೂ ಬೆಳೆಯುತ್ತಿದೆ. ಒಬ್ಬ ಮನೆ ಕಟ್ಟುವ ಕಾಂಟ್ರಾಕ್ಟ್ ಹಿಡಿಯುತ್ತಾನೆ. ಸೆಂಟ್ರಿಂಗು, ಸ್ಲ್ಯಾಬು, ಗಾರೆ ಎಲ್ಲವನ್ನೂ ಬಾಲ್ಯದ ಗೆಳೆಯನಿಗೆ ಸಬ್ ಕಾಂಟ್ರಾಕ್ಟ್ ಕೊಡುತ್ತಾನೆ. ಕೆಲಸ ಕೆಡುತ್ತದೆ. ಹೇಳಿದರೆ ಗೆಳೆತನ ಹೋಗುತ್ತದೆ, ಹೇಳದಿದ್ದರೆ ಮಾನ ಹೋಗುತ್ತದೆ. ಹೆಚ್ಚಿನವರು ಹೇಳದೆ ಇದ್ದು, ಕೊನೆಗೆ ಎರಡನ್ನೂ ಕಳೆದುಕೊಳ್ಳುತ್ತಾರೆ.

ಇಂಥ ಜಗಳದ ಪಂಚಾಯಿತಿಗೆ ಕೂರುವ ಪ್ರಸಂಗ ನಮಗೂ ಬಂದಿದೆ. ಅದರಲ್ಲಿ ಕುಮಾರಪಟ್ಟಣದ ಒಂದು ತಕರಾರನ್ನು ಇಲ್ಲಿ ಹೇಳುತ್ತೇವೆ, ಹೆಸರು ಬೇಡ. ಊರು ಗೊತ್ತಿಲ್ಲದವರಿಗೆ ಇಷ್ಟು ಸಾಕು: ತುಂಗಭದ್ರೆಯ ಒಂದು ದಡದಲ್ಲಿ ಹರಿಹರ, ಇನ್ನೊಂದು ದಡದಲ್ಲಿ ಕುಮಾರಪಟ್ಟಣ. ಜಿಲ್ಲೆ ಹಾವೇರಿ, ತಾಲೂಕು ರಾಣೇಬೆನ್ನೂರು, ಆದರೆ ಪೇಟೆಗೆ ಹೋಗುವುದು ಹೊಳೆ ದಾಟಿ ಹರಿಹರಕ್ಕೆ. 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಬಂದ ಮೇಲೆ ಬೆಳೆದ ಊರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಕೈಗೆ ಬಂದ ಹಣದಲ್ಲಿ ಮನೆ ಕಟ್ಟಿಸುವುದು ಅಲ್ಲಿ ಮಾಮೂಲು. ಈ ತಕರಾರಿನ ಮನೆ ಮಾಲಕರೂ ಅಂಥವರೇ.

ಕಾಂಟ್ರಾಕ್ಟರ್ ನಮ್ಮವ. ಸಬ್ ಕಾಂಟ್ರಾಕ್ಟರೂ ನಮ್ಮವ. ಇಬ್ಬರೂ ಒಂದೇ ಮದ್ರಸದಲ್ಲಿ ಕಲಿತವರು, ಒಬ್ಬನ ಮದುವೆಗೆ ಇನ್ನೊಬ್ಬ ಬಸ್ಸು ಮಾಡಿಕೊಂಡು ಜನ ಕರೆದುಕೊಂಡು ಹೋದವ. ಮನೆ ಎದ್ದು ನಿಂತ ಮೇಲೆ ನೋಡಿದರೆ ಒಂದು ಬೀಮಿನ ಅಡಿಯಲ್ಲಿ ಜಲ್ಲಿ ಜಲ್ಲಿಯಾಗಿ ಕಾಣುವ ಜೇನುಗೂಡು, ಮೊದಲ ಮಳೆಗೇ ಸ್ಲ್ಯಾಬಿನಲ್ಲಿ ತೇವ, ಗಾರೆಯ ಮೇಲೆ ಕೂದಲೆಳೆ ಬಿರುಕು, ಹಿಂದಿನ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತುವ ಇನ್ನೊಂದು ಬಿರುಕು. ಕಾಂಟ್ರಾಕ್ಟರ್ ಹುಡುಗ ನಮ್ಮ ಮುಂದೆ ಹೇಳಿದ್ದು: "ಕಾಕ, ಅವನಿಗೆ ಹೇಗೆ ಹೇಳುವುದು? ಒಂದೇ ತಟ್ಟೆಯಲ್ಲಿ ಉಂಡವರು ನಾವು." ಆ ಗೆಳೆಯನನ್ನು ಕೇಳಿದರೆ: "ಅವ ಕೊಟ್ಟ ರೇಟಿಗೆ ಇದಕ್ಕಿಂತ ಜಾಸ್ತಿ ಎಂಥ ಮಾಡ್ಲಿಕ್ಕಾಗ್ತದೆ?" ಮಾಲಕರು ಇಬ್ಬರ ಮಾತೂ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ನನ್ನ ಗ್ರಾಚ್ಯುಟಿ ಪೂರಾ ಇದರಾಗ ಹೋಗೈತ್ರೀ. ನಿಮ್ಮ ದೋಸ್ತಿ ನೀವ ನೋಡ್ಕೋರಿ, ನನಗ ಸೋರದ ಮನಿ ಕೊಡ್ರಿ."

ನಮ್ಮ ಅಭಿಪ್ರಾಯದಲ್ಲಿ ಇಡೀ ವಿಷಯ ಈ ಮಾತಿನಲ್ಲೇ ಇದೆ. ಗೆಳೆಯನ ಕೆಟ್ಟ ಕೆಲಸವನ್ನು ನಾವು ಯಾವಾಗಲೂ ಇಬ್ಬರ ನಡುವಿನ ಸಂಗತಿ ಎಂದು ನೋಡುತ್ತೇವೆ. ಅವನ ಮನಸ್ಸು ನೋಯುತ್ತದೋ, ನನ್ನ ಲಾಭ ಹೋಗುತ್ತದೋ ಎಂಬುದೇ ಚಿಂತೆ. ಆ ಸ್ಲ್ಯಾಬಿನ ಕೆಳಗೆ ಮಲಗುವವರು ಮೂರನೆಯವರು. ಅವರು ನಮ್ಮ ಗೆಳೆತನಕ್ಕೆ ಸಹಿ ಹಾಕಿದವರಲ್ಲ. ಅವರ ಕರಾರು ಇರುವುದು ಮುಖ್ಯ ಕಾಂಟ್ರಾಕ್ಟರ್ ಜೊತೆ. ಕಾನೂನಿನ ಮುಂದೆಯೂ "ಅದು ನನ್ನ ಸಬ್ ಕಾಂಟ್ರಾಕ್ಟರ್ ಮಾಡಿದ್ದು" ಎಂಬ ಮಾತಿಗೆ ಬೆಲೆ ಇಲ್ಲ. ಮನೆ ಕಟ್ಟುವುದು ಗ್ರಾಹಕ ಕಾನೂನಿನ ಅಡಿ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಮನೆ ನಿರ್ಮಾಣ ಸೇವೆಯ ವ್ಯಾಖ್ಯೆಯೊಳಗೇ ಇದೆ. ದೂರು ಕೊಡಲು 2 ವರ್ಷ ಸಮಯವಿದೆ, ಜಿಲ್ಲಾ ಆಯೋಗಕ್ಕೇ ಹೋಗಬಹುದು. ಕುಮಾರಪಟ್ಟಣದ ಮಾಲಕರು ಹಾವೇರಿಗೆ ಹೋಗುವ ಮಾತು ಆಗಲೇ ಎತ್ತಿದ್ದರು. ಎತ್ತಿದ್ದು ತಪ್ಪು ಎಂದು ನಮಗೆ ಅನ್ನಿಸಲಿಲ್ಲ.

ನಮ್ಮವರಲ್ಲಿ ಕೆಲವರು "ಇದು ನಮ್ಮೊಳಗೇ ಮುಗಿಯಲಿ, ಜಮಾಅತಿನ ನಾಲ್ಕು ಜನ ಕೂತು ತೀರ್ಮಾನ ಮಾಡುವಾ, ಹೊರಗಿನವರು ಯಾಕೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಹೊರಗಿನವರು ಯಾರು? ಹಣ ಕೊಟ್ಟವರೇ? ಅವರನ್ನು ಬಿಟ್ಟು ನಾವು ನಾವೇ ಕೂತು ರಾಜಿ ಮಾಡಿಕೊಂಡರೆ ಇಬ್ಬರು ಗೆಳೆಯರು ಕೈ ಕುಲುಕಿ ಹೋಗಬಹುದು, ಸ್ಲ್ಯಾಬು ಸೋರುತ್ತಲೇ ಇರುತ್ತದೆ. ಮತ್ತೆ ಆ ಊರಲ್ಲಿ ಕರಾವಳಿಯ ಕಾಂಟ್ರಾಕ್ಟರ್ ಎಂದರೆ ಏನು ಅರ್ಥ ಬರುತ್ತದೆ ಎಂಬುದೂ ಇದೆ. ಮುಂದೆ ಅಲ್ಲಿ ಕೆಲಸ ಕೇಳಲು ಹೋಗುವ ಹುಡುಗನಿಗೆ ಇವರಿಬ್ಬರ ಪರಿಚಯವೇ ಇರಲಿಕ್ಕಿಲ್ಲ, ಆದರೂ ಇವರ ಸ್ಲ್ಯಾಬಿನ ಲೆಕ್ಕ ಅವನ ತಲೆ ಮೇಲೆ ಬರುತ್ತದೆ.

ಕೆಲಸ ಯಾಕೆ ಕೆಟ್ಟಿತು ಎಂದು ನೋಡದೆ ಗೆಳೆಯನನ್ನು ಕಳ್ಳ ಎಂದು ಕರೆಯುವುದೂ ಸರಿಯಲ್ಲ. ಈ ಮನೆಯನ್ನೇ ನೋಡಿ. ಹಿಂದಿನ ಗೋಡೆಯ ಬಿರುಕು ಸಿಮೆಂಟು ಕದ್ದದ್ದರಿಂದ ಬಂದದ್ದಲ್ಲ, ಎರೆಮಣ್ಣಿನಿಂದ ಬಂದದ್ದು. ನಮ್ಮ ಕರಾವಳಿಯ ಮೇಸ್ತ್ರಿ ಮುರಕಲ್ಲಿನ ಮೇಲೆ ಕೈ ಕುದುರಿಸಿಕೊಂಡವ. ಅಲ್ಲಿ ಸ್ವಲ್ಪ ಅಗೆದರೆ ಗಟ್ಟಿ ನೆಲ, ಕಟ್ಟಿದ್ದು ಕದಲುವುದಿಲ್ಲ. ರಾಣೇಬೆನ್ನೂರು ಕಡೆಯ ಎರೆಭೂಮಿ ಹಾಗಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರ ಮೇಲೆ ಊರಿನ ಲೆಕ್ಕದಲ್ಲಿ ಪಾಯ ಹಾಕಿದರೆ ವರ್ಷಕ್ಕೊಮ್ಮೆ ಮನೆಯನ್ನೇ ಎತ್ತಿ ಇಳಿಸಿದ ಹಾಗೆ. ಆ ಕಡೆಯ ಹಳೆ ಗೌಂಡಿಗಳನ್ನು ಕೇಳಿದರೆ ಗರಸು ಸಿಗುವ ತನಕ ಅಗೆಯಬೇಕು ಎನ್ನುತ್ತಾರೆ. ಗಟ್ಟಿ ನೆಲ ತೀರಾ ಆಳದಲ್ಲಿದ್ದರೆ ಬುಡದಲ್ಲಿ ಗುಂಡಗೆ ಅಗಲ ಮಾಡಿದ ಪೈಲ್ ಹಾಕುವ ಕ್ರಮವಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಅದನ್ನು ಇಂಥ ಮಣ್ಣಿಗೆಂದೇ ಬೆಳೆಸಿದ್ದು. ಯಾರನ್ನೂ ಕೇಳದೆ ಪಾಯದ ಆಳ ನಿಗದಿ ಮಾಡಿದ್ದು ಯಾರು ಎಂದು ನಾವು ಕೇಳಿದಾಗ ಕಾಂಟ್ರಾಕ್ಟರ್ ಹುಡುಗ ತಲೆ ತಗ್ಗಿಸಿದ. ಅಲ್ಲಿಯ ತನಕ ಆ ಬಿರುಕೂ ಗೆಳೆಯನ ಖಾತೆಯಲ್ಲೇ ಇತ್ತು.

ನೀರಿನ ವಿಷಯವೂ ಹಾಗೆಯೇ. ನಮ್ಮೂರಲ್ಲಿ ಮಳೆಗಾಲದಲ್ಲಿ ಸ್ಲ್ಯಾಬು ಹಾಕಿದರೆ ಕ್ಯೂರಿಂಗ್ ಕೆಲಸ ಅರ್ಧ ಮಳೆಯೇ ಮಾಡುತ್ತದೆ. ಬಯಲುಸೀಮೆಯ ಒಣ ಗಾಳಿಗೆ ಬೆಳಿಗ್ಗೆ ಬಿಟ್ಟ ನೀರು ಮಧ್ಯಾಹ್ನಕ್ಕೆ ಇರುವುದಿಲ್ಲ. ಕಾಂಕ್ರೀಟಿನ ಭಾರತೀಯ ಮಾನಕ, ಐಎಸ್ 456, ಸಾಮಾನ್ಯ ಸಿಮೆಂಟಿಗೆ ಕಡಿಮೆಯೆಂದರೆ 7 ದಿನ, ಬಿಸಿ ಮತ್ತು ಒಣ ಹವೆ ಇದ್ದಲ್ಲಿ 10 ದಿನ ಕ್ಯೂರಿಂಗ್ ಮಾಡಿ ಎನ್ನುತ್ತದೆ. ನೀರು ಒದಗಿಸುವುದು ಮಾಲಕರ ಜವಾಬ್ದಾರಿ ಎಂದು ಬಾಯಿ ಮಾತಿನಲ್ಲಿ ಆಗಿತ್ತಂತೆ. ನಲ್ಲಿ ನೀರು ದಿನಾ ಬರುತ್ತಿರಲಿಲ್ಲವಂತೆ. ಟ್ಯಾಂಕರ್ ತರಿಸಲು ಯಾರ ದುಡ್ಡು ಎಂಬಲ್ಲಿ ಮೂವರೂ ಸುಮ್ಮನಿದ್ದರಂತೆ. ಸ್ಲ್ಯಾಬು ಕಾಯಲಿಲ್ಲ.

ಜೇನುಗೂಡಿನ ಬೀಮು ಮಾತ್ರ ಸಬ್ ಕಾಂಟ್ರಾಕ್ಟರನದೇ ತಪ್ಪು. ಅವತ್ತು ವೈಬ್ರೇಟರ್ ಕೆಟ್ಟಿತ್ತು, ಸರಳಿನಿಂದ ಕುಟ್ಟಿ ಮುಗಿಸಿದ. ಇನ್ನೊಂದು ಬಾಡಿಗೆಗೆ ತರಲು ಹರಿಹರಕ್ಕೆ ಒಬ್ಬನನ್ನು ಓಡಿಸಿದ್ದರೆ ಸಾಕಿತ್ತು.

ರೇಟಿನ ಬಗ್ಗೆ ಅವನು ಹೇಳಿದ್ದನ್ನೂ ತಳ್ಳಿ ಹಾಕುವ ಹಾಗಿಲ್ಲ. ನಮ್ಮಲ್ಲಿ ಗೆಳೆತನದ ರೇಟು ಎಂದು ಒಂದಿದೆ. ಬೇರೆಯವನಿಗಾದರೆ ಚದರಕ್ಕೆ ಇಷ್ಟು ಎಂದು ಕೊಡುವವರು "ನಮ್ಮವನೇ ಅಲ್ವಾ, ನೋಡಿ ಮಾಡುವಾ" ಎಂದು ಕಡಿಮೆ ಹೇಳುತ್ತಾರೆ. ಅದನ್ನೂ ಸರಿಯಾದ ಹೊತ್ತಿಗೆ ಕೊಡುವುದಿಲ್ಲ. ಅವನ ಕೈಯಲ್ಲಿ ವಾರದ ಬಟವಾಡೆಗೆ ಹಣವಿಲ್ಲ, ಕಲಿತ ಕೆಲಸಗಾರರು ಬೇರೆ ಕಡೆ ಹೋಗುತ್ತಾರೆ, ಉಳಿಯುವವರು ಹೊಸ ಹುಡುಗರು. ಸೆಂಟ್ರಿಂಗ್ ಹಲಗೆ, ಜಾಕಿಗಳಿಗೆ ದಿನಬಾಡಿಗೆ ಓಡುತ್ತಿರುತ್ತದೆ, ಬೇಗ ಬಿಚ್ಚಿ ಮುಂದಿನ ಸೈಟಿಗೆ ಸಾಗಿಸುವ ಅವಸರ. ಅದೇ ಮಾನಕದ ಪ್ರಕಾರ ನಾಲ್ಕೂವರೆ ಮೀಟರ್ ತನಕದ ಸ್ಲ್ಯಾಬಿಗೆ ಆಧಾರವನ್ನು 7 ದಿನ, ಅದಕ್ಕಿಂತ ಉದ್ದವಾದರೆ 14 ದಿನ ಬಿಡಬೇಕು. ಬೀಮುಗಳಿಗೆ 6 ಮೀಟರ್ ತನಕ 14, ಆಚೆಗೆ 21. ಕಡಿಮೆ ರೇಟಿಗೆ ಒಪ್ಪಿಕೊಂಡವನು ಈ ದಿನಗಳನ್ನೇ ಮೊದಲು ಕತ್ತರಿಸುತ್ತಾನೆ, ಯಾಕೆಂದರೆ ಮೇಲಿನಿಂದ ನೋಡಿದವರಿಗೆ ಕಾಣದ ಕಡಿತ ಅದು. ಆದರೂ ಒಂದು ಮಾತು ಹೇಳಲೇಬೇಕು. ರೇಟು ಸಾಲದಿದ್ದರೆ ಕೆಲಸ ಹಿಡಿಯುವ ಮೊದಲು ಬೇಡ ಎನ್ನಬಹುದಿತ್ತು. ಹಿಡಿದ ಮೇಲೆ ಸಿಮೆಂಟಿನಲ್ಲಿ, ದಿನಗಳಲ್ಲಿ ಹೊಂದಿಸಿಕೊಳ್ಳುವುದು ಅಮಾನತಿಗೆ ಕೈ ಹಾಕಿದ ಹಾಗೆ.

ಹಾಗಾದರೆ ಹೇಳುವುದು ಯಾವಾಗ? ಸ್ಲ್ಯಾಬು ಹಾಕುವ ಮೊದಲು. ನಂತರ ಹೇಳುವುದೆಲ್ಲ ಜಗಳ. ಸರಳು ಹಲಗೆಗೆ ತಾಗಿಕೊಂಡಿದೆ, ಕವರ್ ಬ್ಲಾಕ್ ಇಟ್ಟಿಲ್ಲ ಎಂದು ಕಂಡರೆ ಅವತ್ತು ಅದನ್ನು ಸರಿ ಮಾಡಲು ಅರ್ಧ ಗಂಟೆ, ಕೆಲವು ನೂರು ರೂಪಾಯಿ ಸಾಕು. ಕಾಂಕ್ರೀಟ್ ಬಿದ್ದ ಮೇಲೆ ಅದೇ ತಪ್ಪು ಕೆಲವು ವರ್ಷದಲ್ಲಿ ತುಕ್ಕಾಗಿ, ತುಕ್ಕು ಉಬ್ಬಿ ಸೀಲಿಂಗಿನ ಗಾರೆಯನ್ನು ಕೆಳಗೆ ಉದುರಿಸುತ್ತದೆ. ಆದರೆ ಸ್ಲ್ಯಾಬಿನ ದಿನ ನಮ್ಮಲ್ಲಿ ಹಬ್ಬ. ಮಿಕ್ಸರ್ ಗರಗರ ಎನ್ನುತ್ತದೆ, ಮಾಲಕರು ಎಲ್ಲರಿಗೂ ಊಟ ಹೇಳಿರುತ್ತಾರೆ, ನೆಂಟರು ಬಂದು ಫೋಟೋ ತೆಗೆಯುತ್ತಾರೆ. ಆ ಗದ್ದಲದಲ್ಲಿ ಗೆಳೆಯನ ಕೈ ಹಿಡಿದು "ನಿಲ್ಲಿಸು ಮಾರಾಯ, ನೀರು ಜಾಸ್ತಿ ಆಯ್ತು" ಎನ್ನಲು ನಾಲಿಗೆ ಏಳುವುದಿಲ್ಲ. ಎಂ20 ಕಾಂಕ್ರೀಟಿಗೆ 50 ಕೆಜಿ ಸಿಮೆಂಟ್ ಚೀಲಕ್ಕೆ ಹೆಚ್ಚೆಂದರೆ ಇಪ್ಪತ್ತೇಳೂವರೆ ಲೀಟರ್ ನೀರು, ಅದರಲ್ಲೇ ಮರಳಿನ ತೇವವೂ ಸೇರಬೇಕು. ಸೈಟಿನಲ್ಲಿ ಕೊಡದಿಂದ ಸುರಿಯುವವನಿಗೆ ಈ ಲೆಕ್ಕ ಹೇಳಿ ನೋಡಿ. ನೀರು ಹೆಚ್ಚಾದರೆ ಎಳೆಯಲು ಸುಲಭ, ಎಲ್ಲರಿಗೂ ಖುಷಿ.

ವಿಚಿತ್ರವೆಂದರೆ ಇದೇ ನಮ್ಮ ಹುಡುಗರು ದುಬೈಯಲ್ಲೋ ಜುಬೈಲಿನಲ್ಲೋ ದುಡಿಯುವಾಗ ಹೀಗೆ ಮಾಡುವುದಿಲ್ಲ. ಅಲ್ಲಿ ಕಬ್ಬಿಣ ಕಟ್ಟಿದ ಮೇಲೆ ಕನ್ಸಲ್ಟೆಂಟ್ ಕಡೆಯ ಎಂಜಿನಿಯರ್ ಬಂದು ನೋಡಿ ಸಹಿ ಹಾಕುವ ತನಕ ಒಂದು ಬಾಣಲಿ ಕಾಂಕ್ರೀಟು ಬೀಳುವುದಿಲ್ಲ. ಬಿಲ್ಲಿನಲ್ಲಿ ಒಂದು ಪಾಲು ರಿಟೆನ್ಷನ್ ಎಂದು ಹಿಡಿದಿಡುತ್ತಾರೆ, ದೋಷ ಸರಿಪಡಿಸುವ ಅವಧಿ ಮುಗಿದ ಮೇಲೆ ಬಿಡುತ್ತಾರೆ. ಅದನ್ನು ಯಾರೂ ಅವಮಾನ ಎಂದುಕೊಳ್ಳುವುದಿಲ್ಲ, ಪಾಕಿಸ್ತಾನಿ ಫೋರ್‌ಮ್ಯಾನ್ ಬೈದರೂ ಚಾ ಕುಡಿದು ಮರೆಯುತ್ತಾರೆ. ಅದೇ ಹುಡುಗ ಊರಿಗೆ ಬಂದು ಗೆಳೆಯನಿಗೆ ಕೆಲಸ ಕೊಟ್ಟರೆ ಕಾಗದ ಕೇಳುವುದೇ ಅನುಮಾನ, ಹಣ ಹಿಡಿಯುವುದೇ ದ್ರೋಹ ಆಗಿಬಿಡುತ್ತದೆ. ಕಾಗದವನ್ನು ನಾವು ನಂಬಿಕೆಯಿಲ್ಲದವರ ಕೆಲಸ ಎಂದು ಯಾವಾಗ ತೀರ್ಮಾನಿಸಿದೆವೋ ಗೊತ್ತಿಲ್ಲ. ಕುರ್‌ಆನಿನ ಅತ್ಯಂತ ದೀರ್ಘ ವಚನ, ಅಲ್ ಬಖರಃ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಸಾಕ್ಷಿಯಿಟ್ಟು ಬರೆದಿಡುವ ಬಗ್ಗೆಯೇ ಇದೆ. ಅದರಲ್ಲಿ ಗೆಳೆಯರಿಗೆ ರಿಯಾಯಿತಿ ಇದೆಯೆಂದು ಯಾವ ಉಸ್ತಾದರೂ ನಮಗೆ ಹೇಳಿಲ್ಲ.

ಇದು ಬರೀ ಸೋರುವ ಮನೆಯ ಮಾತೂ ಅಲ್ಲ. ಕುಮಾರಪಟ್ಟಣದಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಸಿಗುವ ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು, ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿಯಿತು. ಕೆಳಗಿನ ಅಂಗಡಿಗಳಲ್ಲಿ ಆಗಲೇ ವ್ಯಾಪಾರ ನಡೆಯುತ್ತಿತ್ತು. 19 ಜನ ಸತ್ತರು. ದಿನಗಟ್ಟಲೆ ಅವಶೇಷ ಬಗೆದು ಜನರನ್ನು ತೆಗೆದರು. ಮಾಲಕರ ಜೊತೆಗೆ ಎಂಜಿನಿಯರ್ ಕೂಡ ಬಂಧನಕ್ಕೊಳಗಾದರು. ಅದಕ್ಕೂ ಹಿಂದೆ, 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಗಂಗಾರಾಮ್ ಕಟ್ಟಡ ಬಿದ್ದು 123 ಜನ ಹೋದದ್ದು ಹಿರಿಯರಿಗೆ ನೆನಪಿರಬಹುದು. ಎರಡು ಅಂತಸ್ತಿನ ಮನೆಯನ್ನು ಅವುಗಳ ಜೊತೆ ಹೋಲಿಸುವುದು ಅತಿಯಾಯಿತು ಎನ್ನುವವರು ಎನ್ನಲಿ. ಕಟ್ಟುವಾಗ ಒಬ್ಬರು ಇನ್ನೊಬ್ಬರಿಗೆ ಹೇಳಬೇಕಾದ ಮಾತನ್ನು ಹೇಳದೆ ನುಂಗುವುದಕ್ಕೆ ಅಂತಸ್ತಿನ ಲೆಕ್ಕ ಇಲ್ಲ.

ಕುಮಾರಪಟ್ಟಣದಲ್ಲಿ ನಾವು ಏನು ಮಾಡಿದೆವು ಎಂದು ಹೇಳುತ್ತೇವೆ. ಎಲ್ಲ ಕಡೆಗೂ ಇದೇ ಸರಿ ಎಂಬ ಹಠವಿಲ್ಲ. ಮೊದಲು, ಇಬ್ಬರಿಗೂ ಬೇಕಾದವರಲ್ಲದ ಒಬ್ಬ ಎಂಜಿನಿಯರರನ್ನು ಹಿಡಿದೆವು. ಅವರ ಫೀಸು ಇಬ್ಬರೂ ಅರ್ಧರ್ಧ. ಅವರು ತೂಗುಗುಂಡು ಬಿಟ್ಟು, ಸುತ್ತಿಗೆಯಲ್ಲಿ ತಟ್ಟಿ, ಬೀಮಿಗೆ ರಿಬೌಂಡ್ ಹ್ಯಾಮರ್ ಇಟ್ಟು ನೋಡಿ ಒಡೆಯುವ ಅಗತ್ಯವಿಲ್ಲ ಎಂದ ಮೇಲೆ ಎಲ್ಲರೂ ಉಸಿರು ಬಿಟ್ಟರು. ಸಡಿಲ ಇರುವಷ್ಟನ್ನು ಕೆತ್ತಿ ತೆಗೆದು, ತೊಳೆದು, ಕುಗ್ಗದ ಗ್ರೌಟ್ ತುಂಬಬೇಕು. ಹಾಗೆ ಮೇಲೆ ಗಾರೆ ಬಳಿದು ಮುಚ್ಚುವ ಯೋಚನೆ ಸಬ್ ಕಾಂಟ್ರಾಕ್ಟರನಿಗಿತ್ತು, ಅದನ್ನು ಬಿಡಿಸಿದೆವು. ಒಂದು ಹಾಳೆಯಲ್ಲಿ ಯಾವ ದೋಷ, ಯಾರ ಪಾಲು, ಯಾವ ತಾರೀಕಿನ ಒಳಗೆ ಎಂದು ಬರೆದು ಮಾಲಕರೂ ಸೇರಿ ಮೂವರ ಸಹಿ ಹಾಕಿಸಿದೆವು. ಬೀಮು ಗೆಳೆಯನ ಪಾಲಿಗೆ. ಪಾಯದ ಸುತ್ತ ನೀರು ಇಳಿಯದ ಹಾಗೆ ಇಳಿಜಾರಿನ ಕಾಂಕ್ರೀಟ್ ಪಟ್ಟಿ ಹಾಕುವುದು ಮುಖ್ಯ ಕಾಂಟ್ರಾಕ್ಟರನ ಪಾಲಿಗೆ. ಸ್ಲ್ಯಾಬಿನ ಮೇಲಿನ ವಾಟರ್‌ಪ್ರೂಫಿಂಗ್ ಇಬ್ಬರಿಗೂ, ನೀರು ಒದಗಿಸುವ ಟ್ಯಾಂಕರ್ ಖರ್ಚು ಮಾಲಕರೇ ವಹಿಸಿಕೊಂಡರು. ಅವರು ಕೇಳದೆಯೇ ಒಪ್ಪಿದ್ದು ನೋಡಿ ನಮಗೇ ಸ್ವಲ್ಪ ಸಂಕೋಚವಾಯಿತು.

ಕೆಟ್ಟದ್ದನ್ನು ಸರಿ ಮಾಡುವ ಮೊದಲ ಅವಕಾಶ ಕೆಡಿಸಿದವನಿಗೇ ಎಂಬುದಕ್ಕೆ ನಾವು ಅಂಟಿಕೊಂಡೆವು. ತಾರೀಕು ಮೀರಿದರೆ ಬೇರೆ ಮೇಸ್ತ್ರಿ, ಖರ್ಚು ಅವನ ಬಾಕಿಯಿಂದ. ಬಾಕಿಯಲ್ಲಿ ಇದ್ದ ಕೂಲಿ ಹಣವನ್ನು ಮಾತ್ರ ಜಗಳದಿಂದ ಹೊರಗಿಟ್ಟೆವು. ಕಲ್ಲು, ಜಲ್ಲಿ ಹೊತ್ತ ಹೆಂಗಸರಿಗೂ ಹುಡುಗರಿಗೂ ಈ ಗೆಳೆತನದಲ್ಲಿ ಪಾಲಿಲ್ಲ, ಅವರ ಬಟವಾಡೆ ಅದೇ ವಾರ ಆಯಿತು. ಇನ್ನು ಚಾ ಅಂಗಡಿಯಲ್ಲಿ, ಮಸೀದಿಯ ಮೆಟ್ಟಿಲ ಮೇಲೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರ ಬಗ್ಗೆ ಇನ್ನೊಬ್ಬರು ಮಾತಾಡಬಾರದು ಎಂದೂ ಹೇಳಿದೆವು. ಅದನ್ನು ಹಾಳೆಯಲ್ಲಿ ಬರೆಯಲಿಲ್ಲ, ಪಾಲಿಸಿದ್ದೂ ಅಷ್ಟಕ್ಕಷ್ಟೇ.

ಗೆಳೆತನ ಉಳಿಯಿತೇ ಎಂದು ಕೇಳುತ್ತಾರೆ. ಮೊದಲಿನ ಹಾಗಿಲ್ಲ. ಸಲಾಂ ಇದೆ, ಒಬ್ಬರ ಮನೆಯ ಕಾರ್ಯಕ್ಕೆ ಇನ್ನೊಬ್ಬರು ಬಂದು ಹೋಗುವಷ್ಟಿದೆ. ಬೀಮಿನ ಕೆಲಸವನ್ನು ಆ ಗೆಳೆಯ ತಾರೀಕಿಗೆ ಎರಡು ದಿನ ಮೊದಲೇ ಮುಗಿಸಿದ, ಈ ಸಲ ವೈಬ್ರೇಟರಿನ ಮಾತು ಬರಲಿಲ್ಲ, ಅಲ್ಲಿ ಬೇಕಾದದ್ದು ಉಳಿ ಸುತ್ತಿಗೆ ಮತ್ತು ತಾಳ್ಮೆ. ಹಿಂದಿನ ಗೋಡೆಯದ್ದು ಇನ್ನೂ ಇತ್ಯರ್ಥವಾಗಿಲ್ಲ. ಬಿರುಕಿನ ಎರಡೂ ತುದಿಯಲ್ಲಿ ಎಂಜಿನಿಯರ್ ಪೆನ್ಸಿಲಿನಿಂದ ಅಡ್ಡ ಗೆರೆ ಎಳೆದು ತಾರೀಕು ಬರೆದಿದ್ದಾರೆ. ಒಂದು ಮಳೆಗಾಲ ಕಳೆದ ಮೇಲೆ ಬಿರುಕು ಗೆರೆ ದಾಟಿದೆಯೋ ಇಲ್ಲವೋ ನೋಡಿ ಮುಖ್ಯ ಕಾಂಟ್ರಾಕ್ಟರನ ಕಡೆಯಿಂದ ಹಿಡಿದಿಟ್ಟ ಹಣ ಬಿಡುವುದೆಂದು ಮಾತಾಗಿದೆ. ಅಲ್ಲಿಯ ತನಕ ಆ ಗೆರೆಗಳ ಮೇಲೆ ಬಣ್ಣ ಹೊಡೆಯಬೇಡಿ ಎಂದು ಮಾಲಕರಿಗೆ ಹೇಳಿ ಬಂದಿದ್ದೇವೆ.